ಹೆಸರಿಲ್ಲದ ದನಿಗಳು

ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ಹಾಡಬಾರದೆಂಬ ಕಟ್ಟಳೆ ನಮ್ಮ ಸಂಗೀತದಲ್ಲಿ ಎಂದೂ ಇದ್ದುದಲ್ಲ. ತ್ಯಾಗರಾಜರ ಒಂದೇ ಕೃತಿಯನ್ನು ನೂರು ಮಂದಿ ವಿದ್ವಾಂಸರು ನೂರು ಬಗೆಯಾಗಿ ಹಾಡುತ್ತಾರೆ. ಕೃತಿ ಬಾಳುವುದೇ ಹಾಗೆ. ಬೇಂದ್ರೆಯವರ ಕವಿತೆಯೊಂದು ಒಬ್ಬರ ಕಂಠದಲ್ಲಿ ಒಂದು ಭಾವವನ್ನೂ ಮತ್ತೊಬ್ಬರ ಕಂಠದಲ್ಲಿ ಬೇರೊಂದು ಭಾವವನ್ನೂ ತಳೆದರೆ ನಾವು ಸಂತೋಷಪಡುತ್ತೇವೆ. ಹೀಗಿರುವಾಗ, ಮರುಗಾಯನದ ಸಂಗ್ರಹವೊಂದನ್ನು ಕೇಳಿ ನಾನು ನಿರಾಶನಾದೆನೆಂದರೆ, ಅದಕ್ಕೆ ಕಾರಣ ಹೇಳಬೇಕಾದ ಹೊಣೆ ನನ್ನ ಮೇಲಿದೆ.

ಅದು ಕೆಲವು ವರ್ಷಗಳ ಹಿಂದೆ ನಾನು ಕೊಂಡ ಒಂದು ವಿದೇಶೀ ಸಿ.ಡಿ. ಅದರಲ್ಲಿದ್ದುದು ಪಾಶ್ಚಾತ್ಯರು ‘ನ್ಯೂ ಏಜ್’ ಎಂದು ಕರೆಯುವ ಸಂಗೀತ. ಧ್ಯಾನಕ್ಕೆ, ವಿಶ್ರಾಂತಿಗೆ ಒದಗಲೆಂದು ಹುಟ್ಟಿದ, ಆತುರವಿಲ್ಲದ ನಾದಪ್ರವಾಹ ಅದು. ಅಮೆರಿಕದ ಗ್ರ್ಯಾಮಿ ಪ್ರಶಸ್ತಿಗಳಲ್ಲಿ 1987ರಲ್ಲಿ ಅದಕ್ಕೊಂದು ಪ್ರತ್ಯೇಕ ಸ್ಥಾನ ದೊರಕಿತು. ಅದರ ಆಸುಪಾಸಿನಲ್ಲಿಯೇ ಐರ್ಲೆಂಡಿನ ಎನ್ಯಾ, ಜರ್ಮನಿಯ ಎನಿಗ್ಮ, ಫ್ರಾನ್ಸಿನ ಡೀಪ್ ಫಾರೆಸ್ಟ್ ಮೊದಲಾದವರ ಗೀತೆಗಳು ಲೋಕಪ್ರಿಯವಾದುವು. ಆ ಸಿ.ಡಿ.ಯ ಹೊದಿಕೆಯ ಮೇಲೆ ಈ ಹೆಸರುಗಳೆಲ್ಲ ದಪ್ಪಕ್ಷರಗಳಲ್ಲಿದ್ದುವು. ಬೆಲೆಯೋ, ಎರಡು ಮಸಾಲೆ ದೋಸೆಗಳಷ್ಟು. ಹಿಂಬದಿಯಲ್ಲಿ, ಭೂತಗನ್ನಡಿಗೆ ಮಾತ್ರ ಎಟುಕುವ ಅಕ್ಷರಗಳಲ್ಲಿ, ಇವು ಆ ಕಲಾವಿದರು ‘ಪ್ರಸಿದ್ಧಗೊಳಿಸಿದ’ ಗೀತೆಗಳು ಎಂಬ ಮಾತಿತ್ತು. ಆದರೆ ಇಲ್ಲಿ ಹಾಡಿದವರಾರು, ನುಡಿಸಿದವರಾರು? ಒಂದು ಹೆಸರೂ ಇಲ್ಲ.

ಕೇಳಿದರೆ, ಧಾಟಿಯೇನೋ ಅದೇ, ಮಾತೂ ಅದೇ. ಆದರೂ ಗೀತೆ ಅಲ್ಲಿರಲಿಲ್ಲ. 1988ರಲ್ಲಿ ಹೊರಬಂದ ಎನ್ಯಾಳ ‘ಒರಿನೊಕೊ ಫ್ಲೋ’ ಗೀತೆಯನ್ನೇ ನೋಡಿ. ಆಕೆ ತನ್ನ ಕಂಠವನ್ನೇ ಮತ್ತೆ ಮತ್ತೆ ಮುದ್ರಿಸಿ, ಒಂದರ ಮೇಲೊಂದು ಪದರವಾಗಿ ಹಾಸಿ, ಒಬ್ಬಳೇ ಒಂದು ಮೇಳವಾಗುತ್ತಾಳೆ. ಈ ಕಟ್ಟಡದಲ್ಲಿ ನಿರ್ಮಾಪಕ ನಿಕಿ ರಯಾನರ ತಾಳ್ಮೆಯೂ ಸೇರಿದೆ. ಅಲ್ಲಿ ಧಾಟಿ ನೆಪ, ನಾದದ ನೇಯ್ಗೆಯೇ ಕೃತಿ. ಅಗ್ಗದ ಅನುಕರಣೆಗೆ ಅಷ್ಟು ವ್ಯವಧಾನವೆಲ್ಲಿ? ಅದು ಒಂದೇ ಕಂಠಕ್ಕೆ ಯಂತ್ರದ ಪ್ರತಿಧ್ವನಿ ಕೂಡಿಸಿ ಮುಗಿಸಿಬಿಡುತ್ತದೆ. ಚಿತ್ರದ ರೇಖೆಗಳನ್ನು ತೆಗೆದುಕೊಂಡು ಬಣ್ಣವನ್ನು ಬಿಟ್ಟಂತಾಗುತ್ತದೆ.

ಇಷ್ಟೇ ಆಗಿದ್ದರೆ ಇದು ಕಿವಿಯ ದೂರು ಮಾತ್ರ. ನನ್ನನ್ನು ಹೆಚ್ಚಾಗಿ ಕಾಡಿದ್ದು ಹೆಸರಿನ ಪ್ರಶ್ನೆ. ನ್ಯಾಯವಾಗಿ ನೋಡಿದರೆ ಆ ಮೂಲಗೀತೆಗಳೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ಸಾಲೊಮನ್ ದ್ವೀಪಗಳ ಅಫುನಾಕ್ವಾ ಎಂಬ ಹೆಣ್ಣುಮಗಳು ಹಾಡಿದ ಜೋಗುಳವೊಂದನ್ನು ವಿದ್ವಾಂಸ ಹ್ಯೂಗೊ ಜೆಂಪ್ 1970ರಲ್ಲಿ ಧ್ವನಿಮುದ್ರಿಸಿಕೊಂಡಿದ್ದರು. ತಂದೆತಾಯಿಗಳನ್ನು ಕಳೆದುಕೊಂಡ ಎಳೆಯನನ್ನು ಅಣ್ಣನು ಸಂತೈಸುವ ಹಾಡು ಅದು. 1992ರಲ್ಲಿ ಡೀಪ್ ಫಾರೆಸ್ಟ್ ತಂಡದ ‘ಸ್ವೀಟ್ ಲಲ್ಲಬೈ’ಯಲ್ಲಿ ಆ ದನಿ ಲೋಕವನ್ನೆಲ್ಲ ಸುತ್ತಿತು, ಅಫುನಾಕ್ವಾಳ ಹೆಸರು ಜೊತೆಗೆ ಹೋಗಲಿಲ್ಲ. ಎನಿಗ್ಮದ ‘ರಿಟರ್ನ್ ಟು ಇನೊಸೆನ್ಸ್’ ಗೀತೆಯಲ್ಲಿ ಕೇಳಿಬರುವ ಗಂಭೀರ ಕಂಠ ತೈವಾನಿನ ಅಮಿಸ್ ಬುಡಕಟ್ಟಿನ ದಿಫಾಂಗ್ ಎಂಬ ವೃದ್ಧನದು. ಜೊತೆಯದು ಆತನ ಪತ್ನಿ ಇಗೈಯದು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಪ್ರಚಾರದಲ್ಲಿಯೂ ಅದು ಮೊಳಗಿತು. ಆ ದಂಪತಿಗಳು ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, 1999ರಲ್ಲಿ ರಾಜಿಯಾಗಿ, ಅವರ ಹೆಸರಿಗೆ ಮನ್ನಣೆ ದೊರಕಿತು.

ನನ್ನ ಸಿ.ಡಿ.ಯಲ್ಲಿ ಈ ದನಿಗಳೂ ಇಲ್ಲ. ಅಫುನಾಕ್ವಾಳ ಸ್ಥಾನದಲ್ಲಿ ಮತ್ತಾರೋ ಒಬ್ಬಾಕೆ, ಕಿವಿಯಿಂದ ಕಲಿತ ಅರಿಯದ ಭಾಷೆಯ ಅಕ್ಷರಗಳನ್ನು ಹುಷಾರಾಗಿ ಉಚ್ಚರಿಸುತ್ತಾಳೆ. ಕೊನೆಯ ಸುತ್ತಿನಲ್ಲಿ ಮಾತ್ರ ಅನುಕರಣೆಯ ಬಿಗಿ ಸಡಿಲಿ, ಅವಳದೇ ಆದ ಒಂದು ಕಂಪನ ಕಾಣಿಸಿಕೊಳ್ಳುತ್ತದೆ. ಇಡೀ ಸಂಗ್ರಹದಲ್ಲಿ ನನಗೆ ಹಿಡಿಸಿದ ಸ್ಥಳ ಅದೊಂದೇ. ಯಾರಾಕೆ? ಹೊದಿಕೆ ಹೇಳುವುದಿಲ್ಲ.

ಇಂಥ ಅಜ್ಞಾತವಾಸ ಹೊಸದಲ್ಲ. ಬ್ರಿಟನ್ನಿನಲ್ಲಿ 1968ರಿಂದ 1985ರವರೆಗೆ ‘ಟಾಪ್ ಆಫ್ ದಿ ಪಾಪ್ಸ್’ ಎಂಬ ಅಗ್ಗದ ಗ್ರಾಮಫೋನ್ ತಟ್ಟೆಗಳ ಮಾಲೆ ಬರುತ್ತಿತ್ತು. ಆ ಕಾಲದ ಜನಪ್ರಿಯ ಗೀತೆಗಳನ್ನು ಅನಾಮಿಕರಿಂದ ಹಾಡಿಸಿ ಮಾರುವುದು ಅದರ ವಿಧಾನ. 1971ರಲ್ಲಿ ಮಾರಾಟದ ಪಟ್ಟಿಯ ಅಗ್ರಸ್ಥಾನಕ್ಕೂ ಅದು ಏರಿತು. ಹೀಗೆ ಹೆಸರಿಲ್ಲದೆ ಅಗ್ಗದ ತಟ್ಟೆಗಳಿಗೆ ಹಾಡಿದವರಲ್ಲಿ ಎಲ್ಟನ್ ಜಾನ್ ಎಂಬ ಯುವಕನೂ ಒಬ್ಬ. ಆತನ ಕೀರ್ತಿ ಮುಂದೆ ಎಲ್ಲೆಡೆ ಹಬ್ಬಿದ್ದರಿಂದ ಆ ತಟ್ಟೆಗಳನ್ನು ಇಂದು ಹುಡುಕಿ ಕೇಳುವವರಿದ್ದಾರೆ. ಮಿಕ್ಕವರನ್ನು ಹುಡುಕುವವರು ಯಾರು?

ನಮ್ಮ ದೇಶದಲ್ಲಿಯೂ ಎಂಬತ್ತರ ದಶಕದಲ್ಲಿ ಹಳೆಯ ಹಿಂದಿ ಚಿತ್ರಗೀತೆಗಳನ್ನು ಹೊಸ ಕಂಠಗಳಿಂದ ಹಾಡಿಸಿದ ಕ್ಯಾಸೆಟ್ಟುಗಳು ರಾಶಿರಾಶಿಯಾಗಿ ಬಂದುವು. ನಮ್ಮ ಕೃತಿಸ್ವಾಮ್ಯದ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿ ಈ ಬಗ್ಗೆ ಸ್ಪಷ್ಟವಾಗಿದೆ. ಮೊದಲ ಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆಯದೆ ಮರುಗಾಯನದ ಮುದ್ರಿಕೆ ಹೊರಡಕೂಡದು. ಹೊದಿಕೆಯಲ್ಲಿ ಮೊದಲು ಹಾಡಿದವರ ಹೆಸರಾಗಲಿ ಚಿತ್ರವಾಗಲಿ ಇರಕೂಡದು. ಇದು ಮರುಗಾಯನವೆಂದು ಅಲ್ಲಿ ಹೇಳಿರಲೇಬೇಕು. ತನ್ನ ಗಾಯನದೊಂದಿಗೆ ತನ್ನ ಹೆಸರಿರಬೇಕೆಂದು ಕೇಳುವ ಹಕ್ಕನ್ನೂ ಅದೇ ತಿದ್ದುಪಡಿ ಕಲಾವಿದರಿಗೆ ಕೊಟ್ಟಿತು.

ಸಾಹಿತ್ಯದ ವಿದ್ಯಾರ್ಥಿಗೆ ಇದು ಹೊಸ ನೀತಿಯೇನಲ್ಲ. ಬಿ.ಎಂ.ಶ್ರೀಕಂಠಯ್ಯನವರು ಆಂಗ್ಲ ಕವಿತೆಗಳನ್ನು ಕನ್ನಡಕ್ಕೆ ತಂದಾಗ ತಮ್ಮ ಪುಸ್ತಕಕ್ಕೆ ‘ಇಂಗ್ಲಿಷ್ ಗೀತಗಳು’ ಎಂದೇ ಹೆಸರಿಟ್ಟರು. ಋಣವನ್ನು ಹೀಗೆ ಹೊದಿಕೆಯ ಮೇಲೆಯೇ ಸಾರಿದ್ದರಿಂದ ಅವರಿಗೆ ಕನ್ನಡದ ನಡೆಯಲ್ಲಿ, ತಮ್ಮದೇ ದನಿಯಲ್ಲಿ ಹಾಡುವ ಸ್ವಾತಂತ್ರ್ಯ ದೊರಕಿತು. ಮೂಲವನ್ನು ಒಪ್ಪಿಕೊಂಡವನು ಮೂಲದಂತೆ ನಟಿಸಬೇಕಾಗಿಲ್ಲ.

ಕಡಮೆ ಬೆಲೆಗೆ ಸಂಗೀತ ದೊರಕಬಾರದೆಂದು ನಾನು ಹೇಳುತ್ತಿಲ್ಲ. ದೊರಕಬೇಕು, ಬಡವನ ಮನೆಗೂ ಅದು ಬರಬೇಕು. ಆದರೆ ಅಂಥ ಸಂಗ್ರಹಗಳನ್ನು ಹೊರತರುವವರು ಹೊದಿಕೆಯ ಮೇಲೆ ಎರಡು ಸಾಲಿನಷ್ಟು ಜಾಗ ಬಿಡಲಿ. ಒಂದು ಸಾಲಿನಲ್ಲಿ ಇದು ಮರುಗಾಯನವೆಂದು ತಿಳಿಸಲಿ, ಇನ್ನೊಂದರಲ್ಲಿ ಹಾಡಿದವರ ಹೆಸರು ಹಾಕಲಿ. ಹಾಗೆ ಮಾಡಿದರೆ, ಆ ಜೋಗುಳದ ಕೊನೆಯಲ್ಲಿ ಒಂದು ಗಳಿಗೆ ತನ್ನ ದನಿಯಲ್ಲಿಯೇ ಹಾಡಿದ ಆಕೆ ಮುಂದಿನ ಸಲ ಇಡೀ ಹಾಡನ್ನು ಹಾಗೆ ಹಾಡುವ ಧೈರ್ಯ ಮಾಡಿಯಾಳು.