ಸೊಂಟನೋವು ಮತ್ತು ಕೀಲಿನ ಇಂಜೆಕ್ಷನ್
(ಸಂಘದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸ)



ಸೊಂಟನೋವು ಕಾಣದವರು ಕೈ ಎತ್ತಿ ಎಂದರೆ ಈ ಸಭೆಯಲ್ಲಿ ಹೆಚ್ಚು ಕೈಗಳು ಏಳಲಾರವು. 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಈ ನೋವಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಸದಾಗಿ ಬಂದ ನೋವು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಗ್ಗುತ್ತದೆ. ನಾನಿಂದು ಮಾತನಾಡುವುದು ತಿಂಗಳುಗಟ್ಟಲೆ ತಗ್ಗದ ನೋವಿನ ಬಗ್ಗೆ.

ಅಂಥವರು ಎಂ.ಆರ್.ಐ. ತೆಗೆಸುತ್ತಾರೆ. ವರದಿಯಲ್ಲಿ 'ಡಿಸ್ಕ್ ಉಬ್ಬಿದೆ' ಎಂದಿದ್ದರೆ ಸಾಕು, ಮನೆಮಂದಿಯೆಲ್ಲ ಆಪರೇಷನ್ನಿಗೆ ಹಣ ಹೊಂದಿಸತೊಡಗುತ್ತಾರೆ. ಆದರೆ 1994ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸೊಂಟನೋವೇ ಇಲ್ಲದ 98 ಜನರನ್ನು ಎಂ.ಆರ್.ಐ. ಮಾಡಿ ನೋಡಿದಾಗ, ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು! ಚಿತ್ರದಲ್ಲಿ ಸವೆತ ಕಾಣುತ್ತದೆ, ನೋವು ಕಾಣುವುದಿಲ್ಲ.

ನೋವಿನ ಮೂಲ ಬೇರೆಡೆ ಇರಬಹುದು. ಬೆನ್ನುಮೂಳೆಯ ಮಣಿಗಳು ಹಿಂಭಾಗದಲ್ಲಿ ಒಂದಕ್ಕೊಂದು ಕೂಡುವಲ್ಲಿ ಎಡಕ್ಕೂ ಬಲಕ್ಕೂ ಸಣ್ಣ ಕೀಲುಗಳಿವೆ. ಇವೇ ಫೆಸೆಟ್ ಕೀಲುಗಳು. ಇನ್ನೂ ಕೆಳಗೆ, ಬೆನ್ನುಮೂಳೆಯ ಬುಡವು ಸೊಂಟದ ಎಲುಬನ್ನು ಸೇರುವಲ್ಲಿ ಎರಡು ಸೇಕ್ರೊಇಲಿಯಾಕ್ ಕೀಲುಗಳು. 1976ರಲ್ಲಿ ಮೂನಿ ಮತ್ತು ರಾಬರ್ಟ್‌ಸನ್ ಎಂಬ ವೈದ್ಯರು ಫೆಸೆಟ್ ಕೀಲಿಗೆ ಗಟ್ಟಿ ಉಪ್ಪುನೀರು ಸೇರಿಸಿ, ಅದರ ನೋವು ಕಾಲಿಗೂ ಇಳಿಯುವುದನ್ನು ತೋರಿಸಿದರು. ಕಾಲಿಗೆ ಇಳಿದ ನೋವೆಲ್ಲ ಡಿಸ್ಕಿನದೇ ಆಗಬೇಕಿಲ್ಲ.

ಹಾಗಾದರೆ ಯಾವ ಕೀಲು? ಕೈಯಿಂದ ಒತ್ತಿ ನೋಡಿ ಹೇಳುವುದು ಕಷ್ಟ. ಇಲ್ಲಿ ಇಂಜೆಕ್ಷನ್ನೇ ಪರೀಕ್ಷೆ. ರೋಗಿಯನ್ನು ಬೋರಲು ಮಲಗಿಸಿ, ಚರ್ಮ ಮರಗಟ್ಟಿಸಿ, ಎಕ್ಸ್‌ರೇ ಚಿತ್ರವನ್ನು ತೆರೆಯ ಮೇಲೆ ನೋಡುತ್ತಲೇ ಸಪೂರ ಸೂಜಿಯನ್ನು ಕೀಲಿಗೆ ಇಳಿಸುತ್ತಾರೆ. ಎಕ್ಸ್‌ರೇಯಲ್ಲಿ ಕಾಣುವಂಥ ದ್ರವವನ್ನು ಒಂದು ಹನಿ ಬಿಟ್ಟು ಸೂಜಿ ಸರಿಯಾದಲ್ಲಿದೆಯೆ ಎಂದು ನೋಡಿಕೊಂಡ ಮೇಲೆ ಮರಗಟ್ಟಿಸುವ ಔಷಧಿ. ಕೆಲವು ಗಂಟೆ ನೋವು ಬಹುತೇಕ ಹೋದರೆ ಆ ಕೀಲಿನ ಮೇಲೆ ಸಂಶಯ ಬಲವಾಗುತ್ತದೆ. ಹೋಗದಿದ್ದರೆ ಆ ಕೀಲು ನಿರಪರಾಧಿ. ಇಂಜೆಕ್ಷನ್ 'ಫೇಲ್' ಆಯಿತೆಂದು ಜನ ಬೇಸರಪಡುತ್ತಾರೆ, ಆದರೆ ಅದೂ ಒಂದು ಉತ್ತರವೇ.

ಚಿತ್ರದ ನೆರವಿಲ್ಲದೆ ಅಂದಾಜಿನಲ್ಲಿ ಚುಚ್ಚಿದರೆ ಈ ಉತ್ತರಕ್ಕೆ ಬೆಲೆಯಿಲ್ಲ. ಸೇಕ್ರೊಇಲಿಯಾಕ್ ಕೀಲಿಗೆ ಹಾಗೆ ಕೊಟ್ಟ ಇಂಜೆಕ್ಷನ್‌ಗಳನ್ನು ಸಿ.ಟಿ. ಸ್ಕ್ಯಾನ್‌ನಲ್ಲಿ ಪರೀಕ್ಷಿಸಿದ 2000ದ ಅಧ್ಯಯನವೊಂದರಲ್ಲಿ, ಔಷಧಿ ಕೀಲಿನೊಳಗೆ ತಲುಪಿದ್ದು ಶೇಕಡ 22ರಷ್ಟು ಮಾತ್ರ.

ಇನ್ನರ್ಧ ಪರೀಕ್ಷೆ ರೋಗಿಯ ಕೈಯಲ್ಲಿದೆ. ಅಂದು ಮನೆಗೆ ಹೋಗಿ ಮಲಗಬಾರದು. ಯಾವ ಕೆಲಸದಲ್ಲಿ ನೋಯುತ್ತಿತ್ತೋ ಅದನ್ನು ನಿಧಾನವಾಗಿ ಮಾಡಿ ನೋಡಿ, ಹತ್ತಕ್ಕೆ ಎಷ್ಟು ನೋವೆಂದು ಗಂಟೆಗೊಮ್ಮೆ ಬರೆದಿಡಬೇಕು. ಫೆಸೆಟ್ ಕೀಲಿನಲ್ಲಿ ಒಂದೇ ಪರೀಕ್ಷೆ ನಂಬುವಂತಿಲ್ಲ, ಸುಮಾರು ಮೂರರಲ್ಲೊಂದು ಸಲ ದಾರಿ ತಪ್ಪಿಸಬಹುದು. ಅದಕ್ಕೇ ಹಲವು ವೈದ್ಯರು ಇನ್ನೊಂದು ದಿನ ಬೇರೆ ಔಷಧಿಯಿಂದ ಮತ್ತೊಮ್ಮೆ ನೋಡುತ್ತಾರೆ.

ಇನ್ನು ಚಿಕಿತ್ಸೆ. ಜೊತೆಗೆ ಸ್ಟೀರಾಯಿಡ್ ಕೊಡುವ ರೂಢಿಯಿದೆ. ಕೆಲವರಿಗೆ ವಾರಗಳು, ತಿಂಗಳುಗಳು ಆರಾಮ ಸಿಗುವುದುಂಟು. ಆದರೆ 1991ರ ಕೆನಡಾದ ಅಧ್ಯಯನದಲ್ಲಿ ಫೆಸೆಟ್ ಕೀಲಿಗೆ ಕೊಟ್ಟ ಸ್ಟೀರಾಯಿಡ್, ಮೂರು ತಿಂಗಳಾದಾಗ, ಬರೀ ಸಲೈನಿಗಿಂತ ಹೇಳಿಕೊಳ್ಳುವಷ್ಟು ಮೇಲೆನಿಸಲಿಲ್ಲ. 2016ರಲ್ಲಿ ಬ್ರಿಟನ್ನಿನ 'ನೈಸ್' ಸಂಸ್ಥೆ ಸೊಂಟನೋವಿನ ಚಿಕಿತ್ಸೆಗೆ ಇಂಥ ಇಂಜೆಕ್ಷನ್ ಬೇಡವೆಂದೇ ಹೇಳಿತು. ಬದಲಿಗೆ, ಕೀಲಿನ ನೋವನ್ನು ಒಯ್ಯುವ ಸಣ್ಣ ನರವನ್ನು ಮರಗಟ್ಟಿಸಿ ನೋಡಿ, ಫಲ ಕಂಡವರಿಗೆ ಮಾತ್ರ ರೇಡಿಯೊ ತರಂಗದ ಶಾಖದಿಂದ ಆ ನರವನ್ನು ಸುಡುವುದನ್ನು ಪರಿಗಣಿಸಬಹುದೆಂದಿತು. ನರ ಮತ್ತೆ ಬೆಳೆಯುವುದರಿಂದ ಅದೂ ಶಾಶ್ವತವಲ್ಲ. ವರ್ಷಕ್ಕೆ ನಾಲ್ಕೈದು ಬಾರಿ ಸ್ಟೀರಾಯಿಡ್ ಹಾಕಿಸಿಕೊಳ್ಳುವ ಅಭ್ಯಾಸ ನನಗಂತೂ ಒಪ್ಪಿಗೆಯಿಲ್ಲ. ನೋವು ಇಳಿದ ದಿನಗಳನ್ನು ನಡಿಗೆಗೆ, ವ್ಯಾಯಾಮಕ್ಕೆ ಬಳಸದಿದ್ದರೆ ಕೊಟ್ಟ ಹಣ ದಂಡ.

ಸಕ್ಕರೆ ಕಾಯಿಲೆಯವರಿಗೆ ಸ್ಟೀರಾಯಿಡ್ ಆದ ಮೇಲೆ ಕೆಲವು ದಿನ ಸಕ್ಕರೆ ಏರಬಹುದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು ಮೊದಲೇ ವೈದ್ಯರಿಗೆ ಹೇಳಬೇಕು. ಸೊಂಟನೋವಿನ ಜೊತೆ ಜ್ವರ ಬಂದು ತೂಕ ಇಳಿಯುತ್ತಿದ್ದರೆ ಬೆನ್ನುಮೂಳೆಯ ಕ್ಷಯ ನೆನಪಿರಲಿ, ನಮ್ಮ ದೇಶದಲ್ಲಿ ಅದು ಅಪರೂಪವಲ್ಲ. ಮೂತ್ರ ಕಟ್ಟಿದರೆ, ಹಿಡಿತ ತಪ್ಪಿದರೆ, ಕಾಲಿನ ಶಕ್ತಿ ಕುಂದಿದರೆ ಯಾವ ಇಂಜೆಕ್ಷನ್ನಿಗೂ ಕಾಯದೆ ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.