ಪ್ರಾಸದ ಆಟ

ಪ್ರಾಸವನ್ನು ಕುರಿತು ಚರ್ಚಿಸುವವರು ಸಾಮಾನ್ಯವಾಗಿ ಅದನ್ನೊಂದು ನಿಯಮವೆಂದು ಭಾವಿಸಿ ವಾದಕ್ಕೆ ತೊಡಗುವರು. ಅದು ಆಟವೆಂದು ಬಲ್ಲವರು ವಾದಕ್ಕೆ ಬರುವುದೇ ಇಲ್ಲ. ಅವರು ಆಡುತ್ತ ಕುಳಿತಿರುವರು. ನಾವು ಈ ಎರಡನೆಯ ಪಂಗಡಕ್ಕೆ ಸೇರಿದವರು. ಧಾರವಾಡದ ಮಳೆಗಾಲವನ್ನು ಕಂಡವರಿಗೆ ಇದು ಸೋಜಿಗವೆನಿಸದು. ಜಿಟಿಜಿಟಿ ಮಳೆ ಹಿಡಿದು ಕುಳಿತಾಗ ಪಡಸಾಲೆಯಲ್ಲಿ ಮನುಷ್ಯನು ಮತ್ತೇನನ್ನು ತಾನೆ ಮಾಡಬೇಕು?

ನಮ್ಮ ಪೂರ್ವಿಕರೂ ಈ ಆಟವನ್ನು ಬಲ್ಲವರೇ. ಪದ್ಯದ ಪ್ರತಿಯೊಂದು ಪಾದದಲ್ಲಿಯೂ ಎರಡನೆಯ ಅಕ್ಷರದ ವ್ಯಂಜನವು ಒಂದೇ ಆಗಿರಬೇಕೆಂದು ಅವರು ವಿಧಿಸಿದರು. ಅದರ ಹಿಂದಿನ ಅಕ್ಷರವು ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ. ಬಿಂದುವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ. ಪ್ರಾಸಾಕ್ಷರವು ದ್ವಿತ್ವವಾದರೆ ಹಯ, ವಿಜಾತೀಯ ಒತ್ತಕ್ಷರವಾದರೆ ಶರಭ. ಛಂದಸ್ಸಿನ ಅಂಗಳದಲ್ಲಿ ಆನೆ ಕುದುರೆಗಳೊಡನೆ ಆಡನ್ನೂ ತಂದು ಕಟ್ಟಿದವರು ನಗೆಯನ್ನರಿಯದವರೆಂದು ನಾವಂತೂ ನಂಬಲಾರೆವು.

ಆದರೆ ಕಡ್ಡಾಯವಾದ ಆಟವು ಆಟವಾಗಿ ಉಳಿಯದು. ಪ್ರಾಸಕ್ಕಾಗಿ ಬೇಡದ ಶಬ್ದವನ್ನು ಎಳೆತಂದು ಕೂರಿಸುವುದು ಕವಿಗಳಿಗೆ ರೂಢಿಯಾಯಿತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಈ ಆದಿಪ್ರಾಸದ ಕಟ್ಟನ್ನು ಬಿಟ್ಟುಕೊಟ್ಟರು. ಅವರು ಕಳಚಿದ್ದು ಸಂಕೋಲೆಯನ್ನು. ಅದರಿಂದ ಪ್ರಾಸಕ್ಕೂ ಬಿಡುಗಡೆಯಾಯಿತೆಂಬುದು ನಮ್ಮ ಎಣಿಕೆ. ಬಾರದಿದ್ದರೂ ನಡೆಯುವುದೆಂದಾದ ಮೇಲೆ ಅದು ಬಂದಾಗಲೆಲ್ಲ ತಾನಾಗಿ ಒಲಿದು ಬಂದಂತಾಯಿತು. ಸಾಧನಕೇರಿಯ ಬೇಂದ್ರೆಯವರಲ್ಲಿ ಅದು ಹಾಗೆ ಬಂದಿತು. ಮನೆಯ ಮಾತು ಮರಾಠಿಯಾಗಿದ್ದ ಅವರು ಧಾರವಾಡದ ಆಡುಗನ್ನಡವನ್ನು ಕುಣಿಸಿದ ಬಗೆಯನ್ನು ಕೇಳಿಯೇ ಅರಿಯಬೇಕು. 1938ರ ತಮ್ಮ ಸಂಕಲನಕ್ಕೆ ಅವರಿಟ್ಟ ಹೆಸರೇ ‘ನಾದಲೀಲೆ’.

ಅಂತ್ಯಪ್ರಾಸದ ವಿಷಯದಲ್ಲಿ ಒಂದು ಎಚ್ಚರಿಕೆ. ‘ಹೋಯಿತು’, ‘ಆಯಿತು’ ಎಂದು ಕ್ರಿಯಾಪದಗಳನ್ನು ಸಾಲುಸಾಲಾಗಿ ನಿಲ್ಲಿಸಿದರೆ ಕನ್ನಡದಲ್ಲಿ ಪ್ರಾಸವು ಪುಕ್ಕಟೆಯಾಗಿ ದೊರಕುವುದು. ಪುಕ್ಕಟೆ ದೊರೆತುದರಲ್ಲಿ ಬೇಟೆಯ ಸುಖವಿಲ್ಲ.

ಬೇಟೆಯೆಂದೆವು, ಆದರೆ ಒಮ್ಮೆ ನಾವೇ ಬೇಟೆಯಾದುದುಂಟು. ಸಾಧನಕೇರಿಯ ಕೆರೆಯ ಸಮೀಪದ ಒಂದು ಮನೆಯಲ್ಲಿ ನಾಲ್ಕಾರು ಗೆಳೆಯರು ಸೇರಿದ್ದರು. ಒಬ್ಬರು ಶಬ್ದವನ್ನು ಕೊಡುವುದು, ಸರದಿ ಬಂದವರು ಅದಕ್ಕೆ ಪ್ರಾಸ ಕೂಡಿಸಿ ನಾಲ್ಕು ಸಾಲು ಹೇಳುವುದು, ಇದು ಆಟ. ನಮಗೆ ಬಂದ ಶಬ್ದ ‘ಮಳೆ’. ಇಳೆ, ಕಳೆ, ಬೆಳೆ, ಹಳೆ ಎಂದು ಬೆರಳು ಮಡಿಸುತ್ತ ಹೋದೆವು. ಅವ್ವ ತೀರಿಕೊಂಡು ಆಗ ಎರಡು ವರ್ಷಗಳಾಗಿದ್ದವು. ಆಕೆಯನ್ನು ಕುರಿತು ಬರೆಯಬೇಕೆಂದು ಎಷ್ಟೋ ರಾತ್ರಿ ಕುಳಿತಿದ್ದರೂ ಒಂದು ಸಾಲೂ ಮೂಡಿರಲಿಲ್ಲ. ಅಂದು ಆಟದ ಭರದಲ್ಲಿ ಬಾಯಿಂದ ಹೊರಟುದು ಇದು:

ಮಳೆ ಸುರಿಯಿತು ಕೆರೆಯ ಮೇಲೆ,
ಇಳೆ ನಕ್ಕಿತು ತಣಿದು;
ಹಳೆಮನೆಯೊಳ ಕೋಣೆಯಿಂದ
ಬಳೆ ಕರೆಯಿತು ದಣಿದು.

ಇದು ಸಿಂಹಪ್ರಾಸ, ಶಾಸ್ತ್ರಕ್ಕೆ ಸರಿಯಾಗಿದೆ. ಆದರೆ ಆ ಬಳೆಯನ್ನು ನಾವು ಕರೆದಿರಲಿಲ್ಲ. ‘ಳ’ಕಾರವೊಂದನ್ನು ಅರಸುತ್ತಿದ್ದಾಗ ಅವ್ವನ ಕೈ ಸಪ್ಪಳವೇ ಎದುರು ಬಂದು ನಿಂತಿತು. ‘ದಣಿದು’ ಎಂಬ ಮಾತೂ ‘ತಣಿದು’ ಎಂಬುದರ ಬೆನ್ನಿಗೆ ಬಂದುದೇ. ಆಕೆ ದಣಿದಿದ್ದಳೆಂಬುದು ಮಾತ್ರ ನಮಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ.

ಗೆಳೆಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮುಂದಿನ ಶಬ್ದವನ್ನು ಕೊಡುವ ಸರದಿ ನಮ್ಮದು. ‘ಪೇಡೆ’ ಎಂದೆವು. ಎಲ್ಲರೂ ನಕ್ಕು, ‘ಗೋಡೆ’ಯನ್ನು ಹಿಡಿದು ಹೊರಟರು.