ಭರವಸೆಯ ಲೆಕ್ಕ

ಚುನಾವಣೆ ಹತ್ತಿರವಾದಂತೆ ಪ್ರಣಾಳಿಕೆಗಳು ದಪ್ಪವಾಗುತ್ತವೆ. ಸಾಲ ಮನ್ನಾ, ಹೊಸ ರೈಲು ಮಾರ್ಗ, ಊರಿಗೊಂದು ಆಸ್ಪತ್ರೆ. ಇವು ಬೇಡವೆನ್ನಲು ನನಗೆ ಮನಸ್ಸಿಲ್ಲ. ಬಡವರ ಮನೆ ತಲುಪುವ ಪ್ರತಿ ರೂಪಾಯಿಯೂ ದೊಡ್ಡದು. ಆದರೆ ಅದು ಬರುವುದು ತೆರಿಗೆಯಿಂದಲೋ, ಸಾಲದಿಂದಲೋ, ಇನ್ನೊಂದು ಇಲಾಖೆಯ ಅನುದಾನ ಕಡಿದೋ?

ತಮಿಳುನಾಡಿನ ಉಚಿತ ಟಿ.ವಿ. ಹಂಚಿಕೆಯ ಪ್ರಕರಣದಲ್ಲಿ, 2013ರಲ್ಲಿ, ಪ್ರಣಾಳಿಕೆಗಳಿಗೆ ಮಾರ್ಗಸೂಚಿ ರೂಪಿಸುವಂತೆ ಸುಪ್ರೀಂ ಕೋರ್ಟ್ ಚುನಾವಣಾ ಆಯೋಗಕ್ಕೆ ಸೂಚಿಸಿತು. ಭರವಸೆಗೆ ಹಣ ಹೊಂದಿಸುವ ದಾರಿಯನ್ನು ಸ್ಥೂಲವಾಗಿಯಾದರೂ ಹೇಳಬೇಕೆಂಬ ಮಾತು ನೀತಿ ಸಂಹಿತೆಗೆ ಸೇರಿತು. ಪಾಲನೆ ಮಾತ್ರ ಹೆಸರಿಗಷ್ಟೇ. ನೆದರ್ಲೆಂಡ್ಸ್‌ನಲ್ಲಿ 1986ರಿಂದ ಸರ್ಕಾರಿ ಅರ್ಥಶಾಸ್ತ್ರ ಸಂಸ್ಥೆಯೊಂದು, ತಾವಾಗಿ ಮುಂದೆ ಬರುವ ಪಕ್ಷಗಳ ಯೋಜನೆಗಳನ್ನು ಲೆಕ್ಕ ಹಾಕಿ, ಮತದಾನಕ್ಕೆ ಮೊದಲೇ ಪ್ರಕಟಿಸುತ್ತ ಬಂದಿದೆ. ನಮ್ಮಲ್ಲಿ ಆ ಕೆಲಸ ಮತದಾರರ ಪಾಲಿಗಿದೆ. ಬಾಗಿಲಿಗೆ ಬರುವ ಅಭ್ಯರ್ಥಿಯನ್ನು ಗೌರವದಿಂದಲೇ ಲೆಕ್ಕ ಕೇಳಿ. ಉತ್ತರ ಸಿಗುವವರೆಗೂ ಕೇಳಿ.